ಒಂಬತ್ತು ಬಾನೆಟ್ಟುಗಳ ಮೇಲಿನ ಪ್ಲಸ್ ಗುರುತು

ಸೋಮವಾರ ಬೆಳಿಗ್ಗೆ 9.10ಕ್ಕೆ ಕಾರು ಲೀಸ್ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದದ್ದು ದೂರು ಕೊಡುವವನ ಹಾಗಲ್ಲ, ಬಾಕಿ ವಸೂಲಿಗೆ ಬಂದವನ ಹಾಗೆ. ಭಾನುವಾರ ಮಧ್ಯಾಹ್ನ ಕಾವಲುಗಾರ ಊಟಕ್ಕೆ ಹೋಗಿದ್ದ ಒಂದು ಗಂಟೆಯಲ್ಲಿ ಯಾರೋ ಅಂಗಳಕ್ಕೆ ನುಗ್ಗಿ ಒಂಬತ್ತು ಹೊಸ ಕಾರುಗಳ ಬಾನೆಟ್ ಗೀರಿದ್ದರು. ಸಂಜೆಯೊಳಗೆ ಹಿಡಿಯಬೇಕು, ಮೇಲಿನವರೆಲ್ಲ ತನಗೆ ಗೊತ್ತು ಎಂದ. ಮೇಲಿನವರ ಹೆಸರು ಹೇಳುವವರನ್ನು ಕಂಡರೆ ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ದೂರು ದೂರೇ. 9.40ಕ್ಕೆ ಎಫ್ಐಆರ್ ದಾಖಲಾಯಿತು.

10.30ಕ್ಕೆ ಪಂಚನಾಮೆ. ಒಂಬತ್ತೂ ಬಾನೆಟ್ಟುಗಳ ಮೇಲೆ ಅಂಗೈಯಗಲದ ಪ್ಲಸ್ ಗುರುತು, ಸ್ಕ್ರೂಡ್ರೈವರಿನಲ್ಲಿ ಗೀರಿದ್ದು. ಒಂದು ಗಾಜೂ ಒಡೆದಿಲ್ಲ, ಒಂದು ನಟ್ಟೂ ಕಳುವಾಗಿಲ್ಲ. ಠಾಣೆಯವರೆಲ್ಲ 'ಬಿಕಾಂ' ಎಂದೇ ಕರೆಯುವ ಮಹಿಳಾ ಪೇದೆ ಸಾಲಿನ ನಡುವೆ ನಿಂತು ಕರೆದಳು.

"ಸರ್, ಕನ್ನಡಿ ನೋಡಿ. ಈ ಒಂಬತ್ತು ಕಾರಿಂದು ಮಾತ್ರ ಒಳಗೆ ಮಡಚಿದೆ."

"ಗೀರೋಕೆ ಬಂದೋನು ಕನ್ನಡಿ ಯಾಕೆ ಮಡಚ್ತಾನೆ?"

"ಮೈ ತಗುಲಿ ಮುರೀಬಾರದು ಅಂತ ಇರ್ಬೇಕು. ದಿನಾ ಮಾಡೋರಿಗೆ ಕೈ ತಾನಾಗೇ ಹೋಗುತ್ತೆ."

ಹಾಗಾದರೆ ಇವನಿಗೆ ಸಿಟ್ಟು ಕಾರಿನ ಮೇಲಲ್ಲ, ಆಫೀಸಿನೊಳಗೆ ತಂಪಾಗಿ ಕೂತವರ ಮೇಲೆ. ಇನ್‌ಸ್ಪೆಕ್ಟರ್ ಗ್ರಾಹಕರ ತಕರಾರಿನ ಕಡತ ಕೇಳಿದರು. ತಕರಾರು ಮಾಡೋರು ನೂರು ಜನ ಇರ್ತಾರೆ ಎಂದು ಗೊಣಗುತ್ತ ಮ್ಯಾನೇಜರ್ ಅದನ್ನು ಮೇಜಿನ ಮೇಲೆ ಎಸೆದ.

ಅದರಲ್ಲಿ ಒಂದೇ ಕೈಬರಹದ ಏಳು ಕಾಗದಗಳಿದ್ದವು, ತಿಂಗಳಿಗೊಂದರಂತೆ. ಬರೆದವನು ಇದೇ ಕಂಪನಿಯಿಂದ ಲೀಸಿಗೆ ಕಾರು ಪಡೆದಿದ್ದ ಡ್ರೈವಿಂಗ್ ಶಾಲೆಯ ಮಾಸ್ತರ. ಪ್ರತಿಯೊಂದರಲ್ಲೂ ಅದೇ ಲೆಕ್ಕ: ಕಾರಿನ ಬೆಲೆ ಹತ್ತು ಲಕ್ಷ, ಲೀಸ್ ಮುಗಿದಾಗಿನ ಉಳಿಕೆ ಬೆಲೆ ಆರು ಲಕ್ಷ, ಎರಡನ್ನೂ ಕೂಡಿ ಹದಿನಾರು ಲಕ್ಷ, ಅದನ್ನು 0.004ರಿಂದ ಗುಣಿಸಿ ತಿಂಗಳ ಫೈನಾನ್ಸ್ ಚಾರ್ಜ್ 6,400. ಪ್ಲಸ್ ಗುರುತಿಗೆ ಕೆಂಪು ಶಾಯಿಯ ಸುತ್ತು. ಕೆಳಗೆ ಪ್ರಶ್ನೆ: ಹತ್ತು ಲಕ್ಷದ ಕಾರಿಗೆ ಹದಿನಾರು ಲಕ್ಷದ ಮೇಲೆ ಬಡ್ಡಿ ಯಾಕೆ? ಉತ್ತರದ ಪ್ರತಿ ಒಂದಕ್ಕೂ ಇರಲಿಲ್ಲ. ಏಳನೆಯದರ ಮೂಲೆಯಲ್ಲಿ ಯಾರೋ 'ತಲೆ ಕೆಟ್ಟವನು' ಎಂದು ಗೀಚಿದ್ದರು.

"ಯಾಕೆ ಕೂಡ್ತೀರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಕಂಪ್ಯೂಟರ್ ಕೂಡುತ್ತೆ."

"ನಿಮಗೆ ಗೊತ್ತಾ?"

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

4.15ಕ್ಕೆ ಜೀಪು ಡ್ರೈವಿಂಗ್ ಶಾಲೆಯ ಮೈದಾನಕ್ಕೆ ಹೋಯಿತು. 'ಅರ್ಥವಾಗದ ಗುರುತು ಕಂಡರೆ ಗಾಡಿ ನಿಲ್ಲಿಸಿ' ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿತ್ತು. ಮಾಸ್ತರ ಖಾಕಿ ಕಂಡರೂ ಕಾರಿನಿಂದ ಇಳಿಯಲಿಲ್ಲ. ಕಲಿಯುತ್ತಿದ್ದ ಹೆಂಗಸು ಕಾರನ್ನು ಹಿಂದಕ್ಕೆ ತಂದು ಕಂಬಗಳ ನಡುವೆ ನಿಲ್ಲಿಸುವವರೆಗೂ ಕಾದ. ಇಳಿದವನೇ ಅಭ್ಯಾಸದಂತೆ ಎರಡೂ ಕನ್ನಡಿ ಮಡಚಿ, ಸ್ಕ್ರೂಡ್ರೈವರ್ ತೆಗೆದು ಕೊಟ್ಟ. ಕೇಸು ಬಿದ್ದರೆ ಶಾಲೆಯ ಪರವಾನಗಿ ಹೋಗುತ್ತದೆಂಬುದು ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಅನ್ನ ಅದು.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನ ದನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ, ವಿಷವಿತ್ತು.

"ಏಳು ಕಾಗದ ಬರೆದೆ. ಕೊನೆಗೆ ನಾನೇ ಹೋದೆ. 'ಗೇರ್ ಹಾಕೋದು ಕಲಿಸ್ಕೊಂಡು ಬಿದ್ದಿರು, ಲೆಕ್ಕ ನಿನಗ್ಯಾಕೆ' ಅಂದ ಆ ಮ್ಯಾನೇಜರ್. ಎಲ್ಲರೂ ನಕ್ಕರು. ಕಾಗದದ ಮೇಲಿನ ಪ್ಲಸ್ ಕಾಣದವರಿಗೆ ಬಾನೆಟ್ ಮೇಲಾದ್ರೂ ಕಾಣಲಿ ಅಂತ ಬರೆದೆ."

ಬಿಕಾಂ ಕಾಗದವನ್ನು ಅವನ ಮುಂದೆ ತಿರುಗಿಸಿದಳು. "ಮಾಸ್ಟ್ರೇ, ಪ್ಲಸ್ ಸರಿಯಾಗೇ ಇದೆ."

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಮೊದಲ ದಿನ ಕಂಪನಿಯ ಹತ್ತು ಲಕ್ಷ ಕಾರಿನಲ್ಲಿ ಸಿಕ್ಕಿಕೊಂಡಿರುತ್ತದೆ, ಕೊನೆಯ ದಿನ ಆರು. ಸರಾಸರಿ ಎಂಟು. ಬಡ್ಡಿ ಬೀಳುವುದು ಆ ಎಂಟಕ್ಕೆ. ಸರಾಸರಿಗೆ ಕೂಡಿ ಅರ್ಧ ಮಾಡಬೇಕಲ್ಲ, ಇವರು ಮೊತ್ತವನ್ನು ಅರ್ಧ ಮಾಡುವ ಬದಲು ಬಡ್ಡಿದರವನ್ನೇ ಅರ್ಧ ಮಾಡಿಟ್ಟುಕೊಳ್ಳುತ್ತಾರೆ.

ಮಾಸ್ತರನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ತಪ್ಪು ನನ್ನದೇನಾ?"

"ಬಡ್ಡಿ ಎಷ್ಟು ಅಂದಿದ್ರು?" ಇನ್‌ಸ್ಪೆಕ್ಟರ್ ಕೇಳಿದರು.

"ವರ್ಷಕ್ಕೆ ನೂರಕ್ಕೆ ನಾಲ್ಕು. ಕರಪತ್ರದಲ್ಲೂ ಅದೇ ಇದೆ."

ಬಿಕಾಂ 0.004ನ್ನು ಎರಡರಿಂದ ಗುಣಿಸಿದಳು, ಅರ್ಧವಾದದ್ದು ಪೂರ್ತಿಯಾಗಲು. ಆಮೇಲೆ ವರ್ಷದ ಲೆಕ್ಕಕ್ಕೆ ಹನ್ನೆರಡರಿಂದ, ಆಮೇಲೆ ಶೇಕಡಾ ಲೆಕ್ಕಕ್ಕೆ ನೂರರಿಂದ. ಬಂದದ್ದು ಒಂಬತ್ತು ಪಾಯಿಂಟ್ ಆರು. ನಾಲ್ಕರ ದರದಲ್ಲಾದರೆ ತಿಂಗಳಿಗೆ 2,667 ಕೊಟ್ಟರೆ ಸಾಕಿತ್ತು.

"ಪ್ಲಸ್ ಸಾಚಾ," ಎಂದಳು. "ಮೋಸ ಇರೋದು ಅದರ ಪಕ್ಕದ ಅಂಕಿಲಿ. ನೀವು ಅದನ್ನ ಒಂದ್ಸಲನೂ ಕೇಳಿಲ್ಲ."

ಇನ್‌ಸ್ಪೆಕ್ಟರಿಗೆ ಆಗ ನಿಜಕ್ಕೂ ಸಂಕಟವಾಯಿತು. ಏಳು ತಿಂಗಳು ಮನುಷ್ಯ ಒಂದು ಅಮಾಯಕ ಗುರುತಿನ ಮೇಲೆ ಹಲ್ಲು ಮಸೆದಿದ್ದ. ಹತ್ತು ನಿಮಿಷ ಕೂತು ಹೇಳುವವರು ಒಬ್ಬರಿದ್ದರೆ ಒಂದು ಬಾನೆಟ್ಟೂ ಹಾಳಾಗುತ್ತಿರಲಿಲ್ಲ.

6.05ಕ್ಕೆ ಮ್ಯಾನೇಜರ್ ಫೋನ್ ಮಾಡಿ ಸಿಕ್ಕನೇ ಎಂದು ಗದರಿದ. "ಒಬ್ಬರು ಸಿಕ್ಕಿದ್ದಾರೆ," ಎಂದರು ಇನ್‌ಸ್ಪೆಕ್ಟರ್. "ನಾಳೆ ಒಂಬತ್ತಕ್ಕೆ ನೀವು ಕರಪತ್ರ ತಗೊಂಡು ಬನ್ನಿ. ಈಗ ಬಡ್ಡಿ ಮೋಸದ ದೂರು ನಿಮ್ಮ ಮೇಲಿದೆ."

ಹಾಗೆಂದು ಮೊದಲ ಎಫ್ಐಆರ್ ಹರಿದು ಹಾಕಲು ಬರುವುದಿಲ್ಲ. 6.30ಕ್ಕೆ ಬಂಧನ ದಾಖಲಾಯಿತು. ಸಹಿ ಹಾಕಿ ಮಾಸ್ತರ ಪೆನ್ನು ಹಿಂದಿರುಗಿಸಿದ.

"ಹತ್ತೊಂಬತ್ತು ವರ್ಷ ಎಲ್ಲರಿಗೂ ಹೇಳ್ಕೊಟ್ಟೆ ಸರ್, ಅರ್ಥ ಆಗದ ಗುರುತು ಕಂಡ್ರೆ ನಿಲ್ಸಿ ಅಂತ. ನಾನೇ ನಿಲ್ಲಿಸಲಿಲ್ಲ."

ಇನ್‌ಸ್ಪೆಕ್ಟರ್ ಅದೇ ಪೆನ್ನು ತೆಗೆದುಕೊಂಡರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಬರೆದರು: 'ಆರೋಪಿಯು ಏಳು ಬಾರಿ ಲಿಖಿತವಾಗಿ ಒಂದೇ ಪ್ರಶ್ನೆ ಕೇಳಿದ್ದು, ಒಂದು ಬಾರಿಯೂ ಉತ್ತರ ದೊರೆತಿರುವುದಿಲ್ಲ.'