ಕೊರಡಿನ ಅಡಿಯ ಗುರುತು

ಶುಕ್ರವಾರ ಬೆಳಿಗ್ಗೆ ಅಬ್ದುಲ್ ರಹೀಂ ಅಂಗಡಿ ಬಾಗಿಲು ತೆಗೆದ. ಕೊರಡು ಇರಲಿಲ್ಲ.

ಬೀಗ ಮುರಿದಿರಲಿಲ್ಲ. ಗಲ್ಲಾಪೆಟ್ಟಿಗೆ ಮುಟ್ಟಿರಲಿಲ್ಲ. ಹೋದದ್ದು ಅಪ್ಪನ ಕಾಲದ ದುಂಡನೆಯ ಹುಣಸೆ ಕೊರಡು. ಅದರ ಮೇಲೆ ದನದ ಮಾಂಸವನ್ನು ಹಸಿಯಾಗಿಯೇ ಕೊಚ್ಚಿ, ಹಸಿಮೆಣಸು, ಶುಂಠಿ, ನಿಂಬೆರಸ ಹಾಕಿ ಜಜ್ಜಿ ಬನ್ನಿಗೆ ತುಂಬಿದರೆ ಅದೇ ಶಿಕಾರಿಪುರದ ಹಸಿ ಖೀಮಾ ಬನ್ನು.

ಸೊರಬದವರು ಈ ಮಾತು ಒಪ್ಪುತ್ತಿರಲಿಲ್ಲ. ಅಲ್ಲಿ ರಹೀಮನ ಚಿಕ್ಕಪ್ಪನ ಮಗ ಅಜಮತ್ ಉಲ್ಲಾ ಅದೇ ಬನ್ನು ಮಾರುತ್ತಿದ್ದ. ಮೊದಲು ಮಾಡಿದ್ದು ನನ್ನಪ್ಪ ಎನ್ನುತ್ತಿದ್ದ. ಭಾನುವಾರ ಎರಡೂ ಊರಿನ ಹಿರಿಯರು ಮೊದಲ ಬನ್ನಿನ ಆ ಕೊರಡು ಯಾರದೆಂದು ನೋಡಿ ತೀರ್ಮಾನ ಹೇಳುವವರಿದ್ದರು. ಸೋತವನು ಅಂಗಡಿ ಮುಚ್ಚಬೇಕು.

“ಅವನೇ ಕದ್ದಿದ್ದು! ಎಳಕೊಂಡು ಬಂದು ಒಳಗೆ ಹಾಕ್ರಿ!” ರಹೀಂ ಕೂಗಾಡಿದ.

ಹೆಡ್ ಕಾನ್‌ಸ್ಟೇಬಲ್ ಮಾಸ್ತಪ್ಪ ಅಂಗಡಿಯೊಳಗೆಲ್ಲ ಕಣ್ಣಾಡಿಸಿದ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಹೊಸ ಖಾಕಿ ತೊಟ್ಟು ಈ ಊರಿಗೆ ಬಂದವನು ಮೊದಲ ಬನ್ನು ತಿಂದದ್ದು ಇಲ್ಲೇ. ಖಾರಕ್ಕೆ ಕಣ್ಣಲ್ಲಿ ನೀರು ಬಂದಾಗ ಪರದೆಯ ಹಿಂದೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಿದ್ದರು. ಇಪ್ಪತ್ತೆರಡು ವರ್ಷವಾದರೂ ಆ ನಗು ಕಿವಿಯಲ್ಲಿತ್ತು.

“ಕೊರಡಿಗೆ ಹೊದಿಸೋ ಒದ್ದೆ ಗೋಣಿ ಎಲ್ರೀ?”

“ಅದೂ ಇಲ್ಲ. ಉಪ್ಪಿನ ಗಡಿಗೇನೂ ಇಲ್ಲ.”

“ಮಾಂಸದಂಗಡೀಲಿ ಈ ಬಡಗಿ ಉಳಿ ಯಾಕೆ?”

“ಅದಾ... ಕಿಟಕಿ ರಿಪೇರಿಗೆ.”

ಅಂಗಡಿಗೆ ಕಿಟಕಿಯೇ ಇರಲಿಲ್ಲ.

* * *

ಸೊರಬದಲ್ಲಿ ಅಜಮತ್ ಉಲ್ಲಾ ಕತ್ತಿಯನ್ನು ಧಡ್ಡೆಂದು ಕುಕ್ಕಿದ.

“ಕಳ್ಳ ಅನ್ನೋಕೆ ಅವನಿಗೆ ನಾಲಿಗೆ ಹೇಗೆ ಬಂತು ಮಾರಾಯ್ರೆ? ನನಗೆ ನನ್ನದೇ ಕೊರಡಿದೆ, ನೋಡಿ!”

ಕೊರಡು ಮಿರಮಿರ ಹೊಳೆಯುತ್ತಿತ್ತು.

“ಇದಕ್ಕೆ ಉಪ್ಪು ಉಜ್ಜಲ್ವಾ?” ಮಾಸ್ತಪ್ಪ ಕೇಳಿದ.

“ಈ ಊರಿನ ಥಂಡಿಗೆ ಉಪ್ಪು ನೀರೊಡೆಯುತ್ತೆ. ನಮ್ಮದು ಕೊಬ್ಬರಿ ಎಣ್ಣೆ. ಉಪ್ಪು ಉಜ್ಜೋದು ಆ ರಹೀಮನ ತಾಯಿ, ನಮ್ಮ ದೊಡ್ಡಮ್ಮನ ಪದ್ಧತಿ.”

ಮಾಸ್ತಪ್ಪ ವಾಪಸ್ ಬಸ್ಸು ಹತ್ತಿದ.

* * *

ಅಂಗಡಿಯ ಹಿಂದೆಯೇ ರಹೀಮನ ಮನೆ; ನಡುವೆ ಒಂದು ಒಳಬಾಗಿಲು. ತಾಯಿ ಚಾಂದ್ ಬೀ ಶರಬತ್ತಿಗೆ ನಿಂಬೆಹಣ್ಣು ಹಿಂಡಿದರು. ಸ್‌ಸ್ ಎಂದು ಕೈ ಕೊಡವಿದರು. ಅಂಗೈ ಬಿರುಕು ಬಿಟ್ಟು ಕೆಂಪಾಗಿತ್ತು.

“ಅಮ್ಮಾ, ಇವತ್ತೂ ಕೊರಡಿಗೆ ಉಪ್ಪು ಉಜ್ಜಿದ್ರಾ?” ಮಾಸ್ತಪ್ಪ ಕೇಳಿದ.

ಚಾಂದ್ ಬೀ ಲೋಟ ಕೆಳಗಿಟ್ಟರು.

“ಉಜ್ಜದಿದ್ರೆ ಹುಳ ಬೀಳ್ತತಪ್ಪ,” ಎಂದರು ಮುದುಕಿ.

ಅಡುಗೆಮನೆಯ ಮೂಲೆಯಲ್ಲಿ, ಒದ್ದೆ ಗೋಣಿಯ ಕೆಳಗೆ ಕೊರಡಿತ್ತು.

“ಅಮ್ಮೀ!” ರಹೀಂ ಗೋಣಿ ಎಳೆದು ತೆಗೆದ.

ಮಾಸ್ತಪ್ಪ ಬಿಡಿಸಿ ಹೇಳಿದ: “ಸುಟ್ಟು ಹಾಕೋ ಕಳ್ಳ ಗೋಣಿ, ಉಪ್ಪು ಒಯ್ಯಲ್ಲ. ಕೊರಡು ಒಡೀಬಾರದು, ಕೆಡಬಾರದು ಅನ್ನೋರೇ ಒಯ್ದಾರೆ. ಅಜಮತ್‌ಗೆ ಉಪ್ಪು ಬ್ಯಾಡ. ಬೀಗ ಮುರಿದಿಲ್ಲ ಅಂದ್ರೆ ಒಳಬಾಗಿಲಿಂದ ಉರುಳಿಸ್ಕೊಂಡು ಹೋಗ್ಯಾರೆ. ಯಾಕೆ ಅಂತ ಆ ಉಳಿ ಹೇಳ್ತತಿ. ಏನು ಕೆತ್ತೋಕೆ ಹೊರಟಿದ್ದೆ ರಹೀಂ?”

ರಹೀಂ ಕೊರಡು ಮಗುಚಿದ. ಅಡಿಯಲ್ಲಿ ಆಳವಾದ ಬಳೆಯಂಥ ಗುರುತು.

“ಚಿಕ್ಕಪ್ಪನ ಮುದ್ರೆ. ತನ್ನ ಸಾಮಾನಿಗೆಲ್ಲ ಕಬ್ಬಿಣದ ಬಳೆ ಕಾಸಿ ಒತ್ತುತ್ತಿದ್ದ. ಹಿರಿಯರು ಕಂಡ್ರೆ ನನ್ನ ಅಂಗಡಿ ಹೋಯ್ತು. ಅದಕ್ಕೇ...”

ಚಾಂದ್ ಬೀ ಮೂಲೆಯಿಂದ ಒನಕೆ ತಂದರು. ತುದಿಯ ಕಬ್ಬಿಣದ ಬಳೆಯನ್ನು ಗುರುತಿನ ಮೇಲಿಟ್ಟರು. ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು.

“ಆಗ ಈ ಮಗ್ಗುಲು ಮೇಲಿತ್ತು. ಸೌದೆ ಹೊತ್ತಿಕೊಳ್ಳಲಿಲ್ಲ. ನಿನ್ನಪ್ಪ, ಚಿಕ್ಕಪ್ಪ ಹಸಿದು ಕೂತಿದ್ರು. ಈ ಒನಕೇಲೇ ಹಸೀದನ್ನು ಜಜ್ಜಿ ಕೊಟ್ಟೆ. ತಿಂದ್ರು, ಕೊರಡು ಮಗುಚಿ ಅಂಗಡಿ ಇಟ್ರು. ಬೋರ್ಡಿಗೆ ತಮ್ಮ ಹೆಸರು ಬರೆಸಿದ್ರು. ನನ್ನದು ಅಂತ ಉಳಿದಿದ್ದು ಇದೊಂದೇ. ಅದನ್ನೂ ಕೆತ್ತಿ ತೆಗೀತೀಯೇನೋ?”

ಮಾಸ್ತಪ್ಪನಿಗೆ ಮೈ ಉರಿಯಿತು. ಎರಡು ಊರು ಹೊಡೆದಾಡಿದವು. ಜಜ್ಜಿದ ಕೈ ಯಾರದೆಂದು ಒಬ್ಬನೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ತಿಂದ ತಾನೂ ಕೇಳಿರಲಿಲ್ಲ.

“ಕಂಪ್ಲೇಂಟ್ ಬರಿ. ಕಳ್ಳಿ ಹೆಸರು ಚಾಂದ್ ಬೀ,” ಎಂದು ರಹೀಮನತ್ತ ತಿರುಗಿದ.

ರಹೀಂ ಉಳಿಯನ್ನು ಅಮ್ಮನ ಕಾಲ ಬಳಿ ಇಟ್ಟ.

* * *

ಭಾನುವಾರ ಹಿರಿಯರ ನಡುವೆ ಕೊರಡು ಬೋರಲಾಗಿ ಕೂತಿತ್ತು. ಒನಕೆಯ ಬಳೆ ಆ ಗುರುತಿಗೆ ಕೂತದ್ದನ್ನು ಎಲ್ಲರೂ ಕಂಡರು. ಅಜಮತ್ ಗುರುತು ಸವರಿ ನೋಡಿ ಒನಕೆಯನ್ನು ದೊಡ್ಡಮ್ಮನ ಕೈಗೆ ಕೊಟ್ಟ. ಯಾವ ಅಂಗಡಿಯೂ ಮುಚ್ಚಲಿಲ್ಲ. ಎರಡೂ ಬೋರ್ಡಿನಿಂದ ಅಪ್ಪಂದಿರ ಹೆಸರು ಇಳಿಯಿತು.

ಚಾಂದ್ ಬೀ ತಾವೇ ಜಜ್ಜಿದರು. ಮೊದಲ ಬನ್ನು ಮಾಸ್ತಪ್ಪನಿಗೆ. ಕಚ್ಚಿದ್ದೇ ತಡ, ಕಣ್ಣಲ್ಲಿ ನೀರು.

ಕಿಸಕ್ಕನೆ ನಗು ಕೇಳಿಸಿತು. ಈ ಸಲ ನಡುವೆ ಪರದೆ ಇರಲಿಲ್ಲ.