ಮುನ್ನೂರು ಮೀನುಗಳ ವಯಸ್ಸು

"ತೊಂಬತ್ತೆಂಟು ಪರ್ಸೆಂಟ್! ನಮ್ಮಿಬ್ಬರದೂ ಒಂದೇ ಕಣ್ಣು ಮಾರಾಯ್ತಿ," ಎನ್ನುತ್ತ ರೋರಿ ಚಹಾದ ಮಗ್ಗನ್ನು ಮೇಲೆತ್ತಿದ.

ಮೆರಿನ್ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಆಸ್ಟ್ರೇಲಿಯಾದ ಹೋಬಾರ್ಟಿನ ಆ ಪ್ರಯೋಗಾಲಯದಲ್ಲಿ ಹತ್ತೂವರೆಯ ಚಹಾ ಯಾರೂ ತಪ್ಪಿಸುವುದಿಲ್ಲ. ರೋರಿ ಪೆಂಗೆಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸಲು ಎರಡೇ ವಾರ ಉಳಿದಿತ್ತು. ಮೆರಿನ್ ಆನರ್ಸ್ ಮುಗಿಸಿ ಅಲ್ಲೇ ಸಂಶೋಧನೆಗೆ ಸೇರಿ ಐದು ತಿಂಗಳು. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲನ್ನು ತೆಳ್ಳಗೆ ಸೀಳಿ, ಅದರ ಉಂಗುರಗಳನ್ನು ಎಣಿಸಿದರೆ ಮೀನಿನ ವಯಸ್ಸು ತಿಳಿಯುತ್ತದೆ. ಒಬ್ಬರ ಎಣಿಕೆ ಸಾಲದು. ಇನ್ನೊಬ್ಬರು, ಮೊದಲಿನವರ ಲೆಕ್ಕ ನೋಡದೆ, ಮತ್ತೆ ಎಣಿಸಬೇಕು. ರೋರಿಯ ಮೀನುಗಳಿಗೆ ಆ ಇನ್ನೊಬ್ಬಳು ಮೆರಿನ್.

ಮೊದಲ ಇಪ್ಪತ್ತನ್ನು ಅವಳು ಪ್ರಾಮಾಣಿಕವಾಗಿಯೇ ಎಣಿಸಿದ್ದಳು. ಆಮೇಲೆ, ಒಂದೇ ಒಂದು ಸಲ ಎಂದುಕೊಂಡು, ಅವನ ಎಣಿಕೆಯ ಪಟ್ಟಿ ತೆರೆದಳು. ಆರು ಕಡೆ ವ್ಯತ್ಯಾಸ. ಇವಳಿಗೆ ಎಣಿಸಲೂ ಬಾರದು ಎಂದು ಅವನು ಅಂದುಕೊಂಡರೆ? ತಿದ್ದಿದಳು. ಉಳಿದ ಇನ್ನೂರ ಎಂಬತ್ತು ಮುಗಿಯುವವರೆಗೂ ಪಟ್ಟಿ ಪಕ್ಕದಲ್ಲಿ ತೆರೆದೇ ಇತ್ತು.

"ಮೂವತ್ತು ವರ್ಷದಲ್ಲಿ ಇಂಥ ಹೊಂದಾಣಿಕೆ ನೋಡಿಲ್ಲ," ಎಂದರು ಮಾರ್ಗದರ್ಶಕಿ ನೋರೀನ್. "ಮದುವೆ ಆಗ್ಬಿಡಿ ಅತ್ಲಾಗೆ."

ಎಲ್ಲರೂ ನಕ್ಕರು. ರೋರಿಯ ಕಿವಿ ಕೆಂಪಾಯಿತು. ಅವನು ಮಗ್ಗಿನ ಅಂಚಿನ ಮೇಲಿಂದ ಮೆರಿನ್‌ಳನ್ನು ನೋಡಿದ, ಕಣ್ಣು ತಗ್ಗಿಸಿದ, ಮತ್ತೆ ನೋಡಿದ. ಐದು ತಿಂಗಳಿಂದ ಅವಳು ಕಾದಿದ್ದ ನೋಟ ಅದು. ಈಗ ಮೈಯೆಲ್ಲ ಸುಟ್ಟಂತಾಯಿತು.

ಅವನು ಸೂಕ್ಷ್ಮದರ್ಶಕದ ಕೋಣೆಗೆ ಹೋದಾಗ ಹಿಂದೆಯೇ ಹೋದಳು.

"ರೋರಿ, ನಾನು ನಿನ್ನ ಪಟ್ಟಿ ನೋಡ್ಕೊಂಡು ಎಣಿಸ್ದೆ."

"ಯಾವ್ದನ್ನ?"

"ಎಲ್ಲಾನೂ."

ಅವನು ಕೈಯಲ್ಲಿದ್ದ, ಕಲ್ಲಿನ ಸೀಳು ಅಂಟಿಸಿದ್ದ ಗಾಜನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟ.

"ಬೈದ್ಬಿಡು," ಎಂದಳು.

"ಬೈಯೋಕೆ ಆಗ್ತಿಲ್ಲ. ನಾನು ಬೆಳಿಗ್ಗೆಯಿಂದ ಅದೇ ಖುಷಿಲಿದ್ದೆ, ಗೊತ್ತಾ? ಪ್ರಬಂಧಕ್ಕಲ್ಲ."

ಆ ಮಾತಿಗಿಂತ ಬೈಗುಳವೇ ವಾಸಿಯಿತ್ತು.

ಅವಳೇ ನೋರೀನರ ಬಾಗಿಲು ತಟ್ಟಿ ಹೇಳಿದಳು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು, "ಆನರ್ಸ್‌ನಲ್ಲಿ ಮೊದಲ ದಿನ ಹೇಳ್ಕೊಡೋ ಪಾಠ ಇದು," ಎಂದರಷ್ಟೆ. ಇಲಾಖೆಗೆ ಬರೆದು ತಿಳಿಸುವೆನೆಂದರು. ರೋರಿಗೆ ಒಂದು ತಿಂಗಳ ಹೆಚ್ಚಿನ ಗಡುವು ಸಿಕ್ಕಿತು. ಗಾಜುಗಳ ಸಂಖ್ಯೆ ಮರೆಮಾಡಿ, ಕ್ರಮ ಕಲಸಿ, ಅವಳಿಗೇ ಮತ್ತೆ ಕೊಟ್ಟರು. ರೋರಿಯ ಎಣಿಕೆಯ ಪಟ್ಟಿ ನೋರೀನರ ಬೀರುವಿನಲ್ಲಿತ್ತು. ಹನ್ನೊಂದು ದಿನ ಅವಳು ಚಹಾಕ್ಕೆ ಹೋಗಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ರೋರಿ ಬಂದು ಎದುರಿನ ಕುರ್ಚಿ ಎಳೆದುಕೊಂಡ.

"ಎಂಬತ್ತೊಂದು ಪರ್ಸೆಂಟ್."

"ಸಾರಿ."

"ಕೇಳು ಇಲ್ಲಿ. ಮುದಿ ಮೀನುಗಳಲ್ಲಿ ಅಂಚಿನ ಉಂಗುರ ನಾನೇ ಬಿಟ್ಟಿದ್ದೆ, ಒಂದೆರಡಲ್ಲ. ನೀನು ಎಣಿಸಿದ್ದನ್ನ ಮೊದಲೇ ಹಾಗೇ ಹೇಳಿದ್ರೆ ಆವತ್ತೇ ಸರಿಹೋಗ್ತಿತ್ತು, ಪೆದ್ದಿ." ದನಿಯಲ್ಲಿ ಇನ್ನೂ ನೋವಿತ್ತು. "ನಿನ್ನ ಮೊದಲ ಎಣಿಕೆ ಯಾಕೆ ಕೈಬಿಟ್ವಿ ಅಂತ ಪ್ರಬಂಧದಲ್ಲಿ ಬರೀಬೇಕು. ನಿನ್ನ ಹೆಸರು ಬೇಡ ಅಂದ್ರೆ ಹಾಕಲ್ಲ."

ಪರೀಕ್ಷಕರು ಓದುವ, ಗ್ರಂಥಾಲಯದಲ್ಲಿ ಉಳಿಯುವ ಸಾಲು ಅದು. ಮೆರಿನ್ ತುಟಿ ಕಚ್ಚಿದಳು.

"ಹಾಕು."

ಅವನು ಬರೆದುಕೊಂಡ. ಪೆನ್ನು ಮುಚ್ಚಲಿಲ್ಲ.

"ಇನ್ನೊಂದು ಕೇಳ್ಲಾ? ನಾನಂದ್ರೆ ನಿಂಗಿಷ್ಟಾನಾ? ನನ್ನ ಮುಖ ನೋಡ್ಕೊಂಡು ಹೇಳ್ಬೇಡ ಮತ್ತೆ."

ಮೆರಿನ್ ಕಿಟಕಿಯ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಇದೇ ಪ್ರಶ್ನೆಗೆ ಅವನ ಉತ್ತರ ಏನೆಂದು ಈ ಸಲ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಹೂಂ," ಎಂದಳು. "ಮೊದಲನೇ ಮೀನಿನಿಂದ."