ಮೂವತ್ತೆಂಟನೆಯ ಸಾಲು

ಹತ್ತಿಯ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹಳೆಯ ವಿಡಿಯೋ ಗೇಮ್ ಕಾರ್ಟ್ರಿಡ್ಜಿನ ಹಳದಿ ಲೋಹದ ಹಲ್ಲುಗಳನ್ನು ಅವಳು ಒಂದೊಂದಾಗಿ ಒರೆಸುತ್ತಿದ್ದಳು. ಅರ್ಧ ಮುಗಿದಿತ್ತು. ಕಡ್ಡಿಯ ತುದಿ ಕಪ್ಪಾಗಿತ್ತು.

ಮೂವತ್ತು ವರ್ಷದ ಹಿಂದಿನ ಗೇಮ್ ಅದು. ಯಾರದೋ ಮನೆಯ ಅಟ್ಟದಿಂದ ಬಂದದ್ದು. ಆದರೂ ಒರೆಸಿ, ಯಂತ್ರಕ್ಕೆ ಸಿಕ್ಕಿಸಿ, ಗುಂಡಿ ಒತ್ತಿದರೆ ಸಾಕು... ಹಾಡುತ್ತಾ ಎದ್ದು ಕೂರುತ್ತದೆ! ಯಾರ ಅಪ್ಪಣೆಗೂ ಕಾಯುವುದಿಲ್ಲ. ಇರುವುದೆಲ್ಲ ಅದರ ಹೊಟ್ಟೆಯಲ್ಲೇ ಇದೆ.

ಈಗಿನವು ಹಾಗಲ್ಲ.

ಗ್ರಂಥಾಲಯದ ನೆಲಮಾಳಿಗೆಯ ಆಟಗಳ ವಿಭಾಗದಲ್ಲಿ ಅವಳಿಗೆ ಇದು ಹತ್ತನೆಯ ವರ್ಷ. ಹೊಸ ಕಾರ್ಟ್ರಿಡ್ಜ್ ಬಂದರೆ ಮೊದಲು ಇಂಟರ್ನೆಟ್ ವೈರ್ ಕಿತ್ತಿಟ್ಟು ಆಡಿಸಿ ನೋಡಬೇಕು. ಹತ್ತರಲ್ಲಿ ಏಳು ಆಗ ಬಾಯಿ ಬಿಡುತ್ತವೆ: 'ಉಳಿದ ಭಾಗವನ್ನು ಡೌನ್‌ಲೋಡ್ ಮಾಡಿಕೊಳ್ಳಿ.' ಅಂಗಡಿಯಲ್ಲಿ ಕೊಂಡದ್ದು ಬರೀ ಕೀಲಿ. ಮನೆ ಇರುವುದು ಕಂಪನಿಯ ಸರ್ವರ್‌ನಲ್ಲಿ. ಸರ್ವರ್ ನಿಲ್ಲಿಸಿದ ದಿನ ಕೀಲಿ ಕೈಯಲ್ಲೇ ಉಳಿಯುತ್ತದೆ. ಮನೆ ಇರುವುದಿಲ್ಲ.

ಹಾಗೆ ನಿಲ್ಲಿಸುವ ಮೊದಲು ಗ್ರಂಥಾಲಯ ಕೆಲವು ಗೇಮ್‌ಗಳನ್ನು ಪೂರ್ತಿ ಇಳಿಸಿ ಇಟ್ಟುಕೊಳ್ಳುತ್ತಿತ್ತು. ವರ್ಷಕ್ಕೆ ನಲವತ್ತು ಮಾತ್ರ, ಅದಕ್ಕಿಂತ ಹೆಚ್ಚಿಗೆ ಜಾಗವಿರಲಿಲ್ಲ. ಯಾವ ನಲವತ್ತು ಎಂದು ಪಟ್ಟಿ ಬರೆಯುವವಳು ಅವಳೇ.

"ಇವನ್ನ ಎಲ್ಲಿಡಬೇಕು... ಮೇಷ್ಟ್ರಮ್ಮಾ?"

ಅವಳ ಕೈ ನಿಂತುಬಿಟ್ಟಿತು.

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಎಂಟು ವರ್ಷ... ಎಂಟು ವರ್ಷವಾದ ಮೇಲೂ ಎದೆ ಹೀಗೆ ಬಡಿದುಕೊಳ್ಳಬೇಕೇ? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ತಲೆ ಎತ್ತಿದಳು. ಕೌಂಟರಿನ ಆಚೆ ರಟ್ಟಿನ ಪೆಟ್ಟಿಗೆ ಅಪ್ಪಿಕೊಂಡು ಅವನು ನಿಂತಿದ್ದ. ಕಿವಿಯ ಮೇಲೆ ಕೂದಲು ನರೆತಿತ್ತು. ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು.

"ನೀವಾ?"

"ನೀವು ಅಂತೀಯಲ್ಲ! ಅಷ್ಟು ದೂರ ಹೋಗಿಬಿಟ್ನಾ?"

"ಯಾರು ದೂರ ಹೋದ್ರು ಅಂತ ಈಗ ವಾದ ಬೇಡ. ರಸೀದಿ ಬರೀಬೇಕು. ಎಷ್ಟಿವೆ?"

"ಹದಿನಾಲ್ಕು ಹಳೇ ಕಾರ್ಟ್ರಿಡ್ಜ್. ನಮ್ಮ ಕಂಪನಿ ಮುಚ್ಚಿಹೋಯ್ತು. ಕಸಕ್ಕೆ ಹಾಕೋಕೆ ಹೊರಟಿದ್ರು, ಎತ್ಕೊಂಡು ಬಂದೆ."

ಅವಳು ಪೆನ್ನು ಹಿಡಿದಳು. ಅಕ್ಷರ ಮೂಡಲಿಲ್ಲ.

ಆ ಕಂಪನಿ! ಅಲ್ಲಿ ತಾನು ಕಟ್ಟುತ್ತಿದ್ದ ಗೇಮಿಗಾಗಿ ಅವನು ತಮ್ಮ ಮದುವೆಯನ್ನು ಎರಡು ಸಲ ಮುಂದಕ್ಕೆ ಹಾಕಿದ್ದ. ಮೂರನೆಯ ಸಲ ಅವಳ ಸಹನೆಯ ಕಟ್ಟೆಯೊಡೆದಿತ್ತು. "ಗೇಮೋ, ನಾನೋ? ಒಂದು ಮಾತು ಹೇಳಿಬಿಡು" ಎಂದು ಕೇಳಿದ್ದಳು. ಅವನು ನೆಲ ನೋಡುತ್ತಾ ಕುಳಿತಿದ್ದ. ಅವಳು ಚಪ್ಪಲಿ ಮೆಟ್ಟಿ ಹೊರಟುಬಂದಿದ್ದಳು.

ಎರಡು ತಿಂಗಳ ನಂತರ ಪೋಸ್ಟಿನಲ್ಲಿ ಒಂದು ಪೊಟ್ಟಣ ಬಂತು. ಅವನ ಗೇಮ್. ಹೊಸ ಪ್ಲಾಸ್ಟಿಕ್ ಹೊದಿಕೆ. ಜೊತೆಗೆ ಒಂದು ಸಾಲಿನ ಚೀಟಿಯೂ ಇಲ್ಲ.

'ಇದೇ ನಿನ್ನ ಉತ್ತರ ತಾನೇ? ಗೆದ್ದದ್ದು ಯಾರು ಅಂತ ತೋರಿಸೋಕೆ ಕಳಿಸಿದ್ಯಾ?'

ಹೊದಿಕೆ ಒಡೆಯಲು ಮನಸ್ಸಾಗಲಿಲ್ಲ, ಬಿಸಾಡಲೂ ಆಗಲಿಲ್ಲ. ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡಿತು. ತೇವ ಹೀರುವ ಪುಡಿಯ ಪೊಟ್ಟಣಗಳೊಂದಿಗೆ ಅದನ್ನು ಡಬ್ಬಿಯಲ್ಲಿಟ್ಟು, ಬಿಗಿಯಾಗಿ ಮುಚ್ಚಿ, ಬೀರುವಿನ ತಳದಲ್ಲಿ ಇಟ್ಟಳು.

"ಒಂದು ಕೇಳ್ಲಾ?" ಎಂದ ಅವನು.

"ಕೇಳಿ."

"ನನ್ನ ಗೇಮ್ ಇಲ್ಲಿ ಪೂರ್ತಿ ಇಳಿಸಿ ಇಟ್ಟಿದ್ದೀರಾ? ಸರ್ವರ್ ಹೋದ ವರ್ಷ ನಿಲ್ಲಿಸಿದ್ರು. ನಮ್ಮಲ್ಲಿ ಒಂದು ಪ್ರತೀನೂ ಉಳೀಲಿಲ್ಲ."

"ಈಗ ಯಾಕೆ ಬೇಕು?"

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. "ನಿನಗೊಂದು ಕಳಿಸಿದ್ನಲ್ಲ... ಬಿಸಾಕಿದ್ಯಾ?"

"ಇದೆ. ಒಡೆದಿಲ್ಲ."

"ಒಡೆದಿಲ್ಲ ಅಂತ ಗೊತ್ತು. ಆ ಕಾರ್ಟ್ರಿಡ್ಜಿನ ನಂಬರ್ ನನಗೆ ಬಾಯಿಪಾಠ. ನೀನು ಒಂದು ಸಲ ಹಾಕಿದ್ರೂ ಸರ್ವರ್‌ನಲ್ಲಿ ಕಾಣಿಸ್ತಿತ್ತು. ದಿನಾ ಬೆಳಿಗ್ಗೆ ಆಫೀಸಿಗೆ ಹೋಗಿ ಮೊದಲು ಅದನ್ನೇ ನೋಡ್ತಿದ್ದೆ. ಏಳು ವರ್ಷ."

ಅವಳು ಪೆನ್ನು ಕೆಳಗಿಟ್ಟಳು. "ಏನಿತ್ತು ಅದರಲ್ಲಿ?"

"ಗೇಮಿನ ಮೊದಲನೇ ಬೀದೀಲಿ ಒಂದು ಮನೆ ಇದೆ. ಎಲ್ಲರಿಗೂ ಬೀಗ. ನಿನ್ನ ಕಾರ್ಟ್ರಿಡ್ಜ್ ಒಂದಕ್ಕೇ ತೆರೆಯುತ್ತೆ. ಬಾಡಿಗೆಗೆ ಅಂತ ಇಬ್ರೂ ನೋಡ್ಕೊಂಡು ಬಂದಿದ್ವಲ್ಲ, ಕಿಟಕಿಗೇ ಅಂಟಿಕೊಂಡು ಒಲೆ ಇತ್ತಲ್ಲ... ಅದೇ ಮನೆ. ಮೇಜಿನ ಮೇಲೆ ಒಂದು ಕಾಗದ. ನಿನ್ನ ಪ್ರಶ್ನೆಗೆ ಉತ್ತರ."

"ಬಾಯಲ್ಲಿ ಹೇಳೋಕೆ ಏನಾಗಿತ್ತು ನಿನಗೆ ರೋಗ?" ಅವಳ ದನಿ ಏರಿತು. 'ನೀವು' ಎಲ್ಲಿ ಜಾರಿಹೋಯಿತೋ ಅವಳಿಗೂ ತಿಳಿಯಲಿಲ್ಲ.

"ಬಾಯಿಗೆ ಮಾತೇ ಬರ್ತಿರಲಿಲ್ಲ ಕಣೇ. ನನ್ನ ಗೇಮ್‌ಗಳನ್ನೆಲ್ಲ ಮೊದಲು ಆಡ್ತಿದ್ದೋಳು ನೀನು. ತಪ್ಪು ಹುಡುಕೋಕಾದ್ರೂ ಆಡ್ತೀಯ ಅಂದ್ಕೊಂಡೆ. ನೀನು ಒಡೆದೂ ನೋಡಲಿಲ್ಲ... ಅದೇ ನಿನ್ನ ಉತ್ತರ ಅಂತ ಸುಮ್ಮನಾದೆ. ಆದ್ರೂ ಸರ್ವರ್ ನಿಲ್ಲಿಸ್ತೀವಿ ಅಂದಾಗೆಲ್ಲ ಜಗಳ ಮಾಡಿ ಮುಂದಕ್ಕೆ ಹಾಕ್ಸಿದೆ."

"ಎಲ್ಲಾನೂ ಕಾರ್ಟ್ರಿಡ್ಜಲ್ಲೇ ಹಾಕಿದ್ರೆ ಆಗ್ತಿರಲಿಲ್ವಾ?"

"ಆಗ್ತಿತ್ತು. ಅದರಲ್ಲಿ ಕೀಲಿ ಮಾತ್ರ ಸಾಕು ಅಂತ ಕಂಪನಿಯಿಂದ ಬಂದ ಕಾಗದಕ್ಕೆ ಸಹಿ ಹಾಕಿದ್ದು ನಾನೇ. ಸರ್ವರ್ ಯಾವಾಗಲೂ ಇರತ್ತೆ ಅಂತ ನಂಬಿದ್ದೆ." ಅವನು ನಗಲು ನೋಡಿ ಸೋತ. "ಈಗ ಕೀಲಿ ನಿನ್ನ ಹತ್ರ ಇದೆ. ಮನೆ ಇಲ್ಲಾದ್ರೂ ಉಳಿದಿರತ್ತೆ ಅಂತ ಬಂದೆ. ಎಲ್ಲಾನೂ ಜೋಪಾನ ಮಾಡೋಳು ನೀನು..."

ಅವಳು ಕಪಾಟಿನ ಅಂಚು ಹಿಡಿದುಕೊಂಡಳು.

ಮೂವತ್ತೆಂಟನೆಯ ಸಾಲು!

ಸರ್ವರ್ ನಿಲ್ಲುವ ಸೂಚನೆ ಅವಳ ಮೇಜಿಗೇ ಬಂದಿತ್ತು. ಪಟ್ಟಿಯ ಆ ಸಾಲಿನಲ್ಲಿ ಅವನ ಗೇಮಿನ ಹೆಸರನ್ನು ಅವಳೇ ಬರೆದಿದ್ದಳು. ಉಳಿಸಲು ಯೋಗ್ಯವಾದದ್ದೇ, ಅದರಲ್ಲಿ ಅನುಮಾನವಿರಲಿಲ್ಲ. ಆಮೇಲೆ ಆ ಹೆಸರನ್ನೇ ನೋಡುತ್ತಾ ಕುಳಿತಳು. ಬಿಸಿಲಿನ ಮಧ್ಯಾಹ್ನ, ಮೇಲೆ ತಿರುಗುತ್ತಿದ್ದ ಫ್ಯಾನು, ಎದುರಿಗೆ ಆ ಹೆಸರು. 'ನನ್ನನ್ನು ಬಿಟ್ಟು ಇದನ್ನು ಹಿಡಿದನಲ್ಲ... ಇದೂ ಇಲ್ಲದೆ ಹೋಗಲಿ!' ಎಂದು ಅದರ ಮೇಲೆ ಗೆರೆ ಎಳೆದಳು. ಮೀನು ವಿಂಗಡಿಸುವ, ಯಾರೂ ಆಡದ ಒಂದು ಗೇಮಿನ ಹೆಸರನ್ನು ಅಲ್ಲಿ ಬರೆದಳು. ಹೋಗಿ ಟೀ ಕುಡಿದಳು. ಆ ಸಂಜೆಯೆಲ್ಲ ಮೈ ಹಗುರವಾದಂತಿತ್ತು.

"ಇಲ್ಲ," ಎಂದಳು.

"ಇಲ್ವಾ?"

"ಪಟ್ಟೀಲಿ ಬರಲಿಲ್ಲ."

ಅವನ ಮುಖ ನಿಧಾನವಾಗಿ ಕಪ್ಪಿಟ್ಟಿತು. "ಯಾರು ಮಾಡೋದು ಆ ಪಟ್ಟಿ?"

ಅವಳು ಬಾಯಿ ತೆರೆದಳು. ಹೇಳಬೇಕಿತ್ತು. ಹೇಳುವವಳೇ ಇದ್ದಳು...

"ನಾನೇ ಕಣಪ್ಪಾ."

ಕಪಾಟುಗಳ ನಡುವಿನಿಂದ ವಿಭಾಗದ ಮುಖ್ಯಸ್ಥೆ ಹೊರಗೆ ಬಂದರು. ಯಾವ ಮಾತನ್ನೂ ಒಂದು, ಎರಡು, ಮೂರು ಎಂದೇ ಆಡುವ ಅವರನ್ನು ಕಟ್ಟಡದವರೆಲ್ಲ 'ಪಟ್ಟಿ ಅಕ್ಕ' ಎನ್ನುತ್ತಿದ್ದರು.

"ನಲವತ್ತರಲ್ಲಿ ನಿಂದು ಹಿಡಿಸಲಿಲ್ಲ. ಬೈಯೋದಾದ್ರೆ ಒಂದು, ಈಗಲೇ ಬೈ. ಎರಡು, ಮೆಲ್ಲಗೆ ಬೈ, ಮೇಲೆ ಜನ ಓದ್ತಾ ಕೂತಿದ್ದಾರೆ. ಮೂರು, ನನಗೆ ಮೂರು ತಿಂಗಳಲ್ಲಿ ನಿವೃತ್ತಿ. ಬೈದು ತಿದ್ದೋ ವಯಸ್ಸಲ್ಲ."

ಅವನು ಬೈಯಲಿಲ್ಲ. ತಲೆಯಾಡಿಸಿ ಮೆಟ್ಟಿಲು ಹತ್ತಿ ಹೊರಟುಹೋದ.

"ಅಕ್ಕಾ, ನೀವ್ಯಾಕೆ...?"

"ನೀನು ಗೆರೆ ಎಳೆದ ದಿನ ನೋಡಿದ್ದೆ ತಾಯಿ. ಯಾಕೆ ಅಂತ ಅವತ್ತೇ ಕೇಳ್ಬೇಕಿತ್ತು. ಕೇಳ್ಲಿಲ್ಲ, ಅದು ನನ್ನ ತಪ್ಪು. ಗರ ಬಡಿದವಳ ಹಾಗೆ ನಿಂತ್ಕೋಬೇಡ, ಹೋಗು!"

ಅವನು ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದ. ರಸ್ತೆಯಲ್ಲಿ ಬಸ್ಸುಗಳು ತುಂಬಿ ಹೋಗುತ್ತಿದ್ದವು. ಅವಳು ಒಂದು ಮೆಟ್ಟಿಲು ಮೇಲೆ ಕುಳಿತಳು.

"ಹೇಳು. ಏನು ಬರೆದಿದ್ದೆ?"

"ಗೇಮ್ ಅಲ್ಲ, ನೀನೇ ಅಂತ ಶುರು ಮಾಡಿದ್ದೆ..." ಅವನು ತಡವರಿಸಿದ. "ಅಲ್ಲ, ಅದು ಕೊನೇಲಿತ್ತು. ಮೊದಲು ಕ್ಷಮೆ ಕೇಳಿದ್ದೆ. ಮಧ್ಯ ಆ ಒಲೆ ಬಗ್ಗೆ ಏನೋ ತಮಾಷೆ ಇತ್ತು."

"ಏನು ತಮಾಷೆ?"

"ನೆನಪಿಲ್ಲ ಕಣೇ. ನೀನು ಓದಿ ನಗ್ತೀಯ ಅಂತ ಅಂದ್ಕೊಂಡಿದ್ದು ಮಾತ್ರ ನೆನಪಿದೆ."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಕ್ಷಮೆಗಲ್ಲ, 'ನೀನೇ' ಎಂಬ ಮಾತಿಗೂ ಅಲ್ಲ... ಎಂಟು ವರ್ಷದ ಹಿಂದೆ ತಾನು ನಗಬೇಕಿದ್ದ, ಇನ್ನು ಯಾರೂ ಕೇಳಲಾರದ ಆ ತಮಾಷೆಗೆ.

ಅವನು ಅವಳ ಕಡೆ ತಿರುಗದೆ ಹೇಳಿದ: "ನಾನು ಸಹಿ ಹಾಕಿದ್ದು ದಡ್ಡತನ. ನೀನು ಒಡೆಯದೇ ಇದ್ದದ್ದು ಕೋಪ. ಎರಡೂ ಅರ್ಥ ಆಗತ್ತೆ. ಆದ್ರೆ ಉಳಿಸೋದೇ ಕೆಲಸ ಆಗಿರೋರು ಕಣ್ಣು ತೆರೆದುಕೊಂಡೇ ಅದನ್ನ ಕೈಬಿಟ್ರಲ್ಲ... ಆ ಅಕ್ಕನ್ನ ಕ್ಷಮಿಸೋಕೆ ನನ್ನಿಂದ ಆಗ್ತಿಲ್ಲ."

"ಯಾವತ್ತೂ?"

"ಆಗಲ್ಲ ಅನ್ಸತ್ತೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಅವತ್ತಿನ ಪ್ರಶ್ನೆ ಇನ್ನೊಂದು ಸಲ ಕೇಳ್ತೀಯಾ?" ಎಂದ ಅವನು.

"ಈಗ ಕೇಳಿ ಏನು ಬಂತು? ಗೇಮೇ ಇಲ್ಲ. ಒಬ್ಬಳೇ ಓಡಿ ಮೊದಲು ಬಂದ ಹಾಗೆ!"

ಅವನಿಗೆ ನಗು ಬಂತು. ಕಣ್ಣಲ್ಲಿ ನೀರೂ ಇತ್ತು. "ಆದ್ರೂ ಕೇಳು."

"...ನಾನಾ?"

"ನೀನೇ."

ಈ ಸಲ ಅವನು ನೆಲ ನೋಡಲಿಲ್ಲ. ಅವಳು ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗೆ. ಬಂದಿತ್ತು. ಬಾಯಿಗೆ ಹಾಕಿಕೊಂಡರೆ ಕಹಿ!

'ಗೆರೆ ಎಳೆದವಳು ನಾನು ಎಂದು ಹೇಳಿದರೆ ಎದ್ದು ಹೋಗುತ್ತಾನೆ. ಹೇಳದಿದ್ದರೆ, ತಾನು ಕ್ಷಮಿಸಲಾರದವಳ ಪಕ್ಕದಲ್ಲೇ ನೆಮ್ಮದಿಯಾಗಿ ಮಲಗುತ್ತಾನೆ.'

"ನಾಳೆ ಬರ್ಲಾ?" ಅವನು ಕೈ ಚಾಚಿದ.

"ಇಲ್ಲಿಗೆ ಬೇಡ. ಮನೆಗೇ ಬಾ."

ಅವಳು ಅವನ ಕೈ ಹಿಡಿದು ಎದ್ದಳು. ಏಳುವಷ್ಟರಲ್ಲಿ ತೀರ್ಮಾನವಾಗಿತ್ತು. ಹೇಳುವುದಿಲ್ಲ. ನಾಳೆಯೂ ಇಲ್ಲ, ಮದುವೆಯ ದಿನವೂ ಇಲ್ಲ, ಹಲ್ಲು ಉದುರಿ ಇಬ್ಬರೇ ಕುಳಿತಿರುವಾಗಲೂ ಇಲ್ಲ. ಅವನು ಪಟ್ಟಿ ಅಕ್ಕನನ್ನು ಬೈದಾಗಲೆಲ್ಲ ತಾನು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಾಳೆ.

"ಏನು ಯೋಚನೆ?" ಎಂದ ಅವನು.

"ಏನಿಲ್ಲ," ಎಂದಳು. "ನಡಿ."